ಪರದೆಯ ಮೇಲೆ ಕೂಡಿ ಕಲಿಯುವುದು



ನಿಮ್ಮ ಮನೆಯಲ್ಲಿ ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ಮಕ್ಕಳಿದ್ದರೆ ಅವರ ತರಗತಿಯ ವಾಟ್ಸ್‌ಆ್ಯಪ್ ಗುಂಪನ್ನು ನೀವು ನೋಡಿರುತ್ತೀರಿ. ಸಂಜೆ ಏಳರ ಹೊತ್ತಿಗೆ ಯಾರೋ ಕೇಳುತ್ತಾರೆ, 'ಮೂರನೇ ಲೆಕ್ಕ ಯಾರಿಗೆ ಬಂತು?' ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಒಬ್ಬಳು ತನ್ನ ನೋಟ್‌ಬುಕ್ಕಿನ ಪುಟದ ಫೋಟೊ ಹಾಕುತ್ತಾಳೆ. ಅದರ ಕೆಳಗೆ ಸಾಲುಸಾಲಾಗಿ ಹೆಬ್ಬೆರಳಿನ ಗುರುತು, ಕೈಮುಗಿದ ಚಿತ್ರ. ಮರುದಿನ ಬೆಳಿಗ್ಗೆ ಇಡೀ ತರಗತಿಯ ನೋಟ್‌ಬುಕ್ಕುಗಳಲ್ಲಿ ಅದೇ ಲೆಕ್ಕ, ಅದೇ ಹಂತಗಳು, ಒಮ್ಮೊಮ್ಮೆ ಅದೇ ಕಾಗುಣಿತದ ತಪ್ಪು.

ಈ ಮಕ್ಕಳು ಕೂಡಿ ಕಲಿತರು ಎನ್ನಬಹುದೇ? ಅವರನ್ನು ಬೈಯಬೇಕೆಂದು ನಾನು ಈ ಪ್ರಶ್ನೆ ಎತ್ತುತ್ತಿಲ್ಲ. ಫೋಟೊ ಹಾಕಿದ ಹುಡುಗಿಯದು ಒಳ್ಳೆಯ ಮನಸ್ಸು. ಆದರೆ ಆ ಗುಂಪಿನಲ್ಲಿ ಕೈಯಿಂದ ಕೈಗೆ ದಾಟಿದ್ದು ಉತ್ತರ ಮಾತ್ರ. ಆ ಉತ್ತರದವರೆಗೆ ಅವಳು ಹೇಗೆ ಬಂದಳು, ಮೊದಲು ಏನೆಂದುಕೊಂಡಿದ್ದಳು, ಎಲ್ಲಿ ಅಳಿಸಿ ಮತ್ತೆ ಬರೆದಳು ಎಂಬುದೆಲ್ಲ ಅವಳಲ್ಲೇ ಉಳಿಯಿತು. ಕಂಪ್ಯೂಟರು, ಇಂಟರ್‌ನೆಟ್ಟು, ಮೊಬೈಲು ಬಂದಮೇಲೆ ಜನ ಕೂಡಿ ಕಲಿಯುವುದು ಹೇಗೆ, ಕೂಡಿ ಹೊಸ ತಿಳಿವಳಿಕೆ ಕಟ್ಟುವುದು ಹೇಗೆ ಎಂದು ಮನೋವಿಜ್ಞಾನಿಗಳು ಸುಮಾರು ನಲವತ್ತು ವರ್ಷಗಳಿಂದ ಪರೀಕ್ಷಿಸಿ ನೋಡುತ್ತಿದ್ದಾರೆ. ಆ ಕೆಲಸದಲ್ಲಿ ನಮ್ಮ ಶಾಲೆಗಳಿಗೂ ಮನೆಗಳಿಗೂ ಬೇಕಾದದ್ದು ಬಹಳ ಇದೆ ಎಂದು ನನಗನ್ನಿಸುತ್ತದೆ.

ಜರ್ಮನಿಯ ದಕ್ಷಿಣ ಭಾಗದಲ್ಲಿ ಟ್ಯೂಬಿಂಗನ್ ಎಂಬ ಹಳೆಯ ವಿಶ್ವವಿದ್ಯಾಲಯದ ಊರಿದೆ. ಡಿಜಿಟಲ್ ಮಾಧ್ಯಮಗಳಿಂದ ಮನುಷ್ಯ ಹೇಗೆ ಕಲಿಯುತ್ತಾನೆ ಎಂಬುದನ್ನೇ ಅಧ್ಯಯನ ಮಾಡಲು ಅಲ್ಲಿ 2001ರಲ್ಲಿ ಒಂದು ಸಂಸ್ಥೆ ಶುರುವಾಯಿತು. ಈಗ ಅದಕ್ಕೆ ಲೈಬ್ನಿಟ್ಸ್ ಜ್ಞಾನಮಾಧ್ಯಮ ಸಂಸ್ಥೆ ಎಂದು ಹೆಸರು. ಅಲ್ಲಿನ ಉಲ್ರಿಕೆ ಕ್ರೆಸ್ ಮತ್ತು ಅವರ ಜೊತೆಗಾರರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿದೆ. ಭಾಗವಹಿಸಿದವರೆಲ್ಲ ಕಂಪ್ಯೂಟರಿನ ಮುಂದೆ ಕೂತು ಕಾಲ್ಪನಿಕ ನೌಕರರ ಸಂಬಳ ಲೆಕ್ಕ ಹಾಕಬೇಕು. ಎಷ್ಟು ಸಂಬಳ ಲೆಕ್ಕ ಹಾಕುತ್ತಾರೋ ಅಷ್ಟಕ್ಕೆ ದುಡ್ಡು. ಒಬ್ಬರು ಹಾಕಿದ ಲೆಕ್ಕ ಮುಂದೆ ಇನ್ನೊಬ್ಬರಿಗೆ ಬೇಕಾಗುತ್ತದೆ. ಅದನ್ನು ಎಲ್ಲರಿಗೂ ಸಿಗುವ ಸಾಮಾನ್ಯ ಕಡತಕ್ಕೆ ಸೇರಿಸಬಹುದು, ಆದರೆ ಸೇರಿಸುವುದಕ್ಕೆ ಸಮಯ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ತಾನೇ ಇನ್ನೊಂದು ಲೆಕ್ಕ ಮಾಡಿ ದುಡ್ಡು ಗಳಿಸಬಹುದಿತ್ತು.

ಊರ ಕೊಳಕ್ಕೆ ರಾತ್ರಿ ಮನೆಗೊಂದು ಚೊಂಬು ಹಾಲು ಸುರಿಯಬೇಕೆಂದು ರಾಜ ಹೇಳಿದಾಗ, 'ಎಲ್ಲರೂ ಹಾಲು ಸುರಿಯುತ್ತಾರಲ್ಲ, ನನ್ನದೊಂದು ಚೊಂಬು ನೀರು ಯಾರಿಗೆ ತಿಳಿದೀತು' ಎಂದು ಪ್ರತಿಯೊಬ್ಬರೂ ಯೋಚಿಸಿದ ಕಥೆ ನಿಮಗೆ ಗೊತ್ತೇ ಇದೆ. ಇಲ್ಲೂ ಅದೇ ಇಕ್ಕಟ್ಟು. ಕಡತಕ್ಕೆ ಸೇರಿಸುವವರಿಗೆ ಅದರಿಂದ ಹೊಸದೇನೂ ಸಿಗುವುದಿಲ್ಲ, ಅವರಿಗೆ ಅದು ಮೊದಲೇ ಗೊತ್ತು. ತೆಗೆದುಕೊಳ್ಳುವವರಿಗೆ ಎಲ್ಲ ಲಾಭ. ಎಲ್ಲರೂ ಬರೀ ತೆಗೆದುಕೊಳ್ಳಲು ಕೂತರೆ ಕಡತ ಖಾಲಿ. ಪ್ರಯೋಗದಲ್ಲಿ ಸೇರಿಸುವ ತೊಂದರೆ ಹೆಚ್ಚಿದಂತೆ ಜನ ಸೇರಿಸುವುದು ಕಡಿಮೆಯಾಯಿತು. ಇದು ನಿರೀಕ್ಷಿತವೇ. ಆದರೆ ಯಾವ ಮಾಹಿತಿ ಇತರರಿಗೆ ನಿಜವಾಗಿ ಬೇಕು ಎಂಬುದನ್ನು ಮೊದಲೇ ತಿಳಿಸಿದಾಗ ಜನ ಆ ಬೇಕಾದದ್ದನ್ನೇ ಆರಿಸಿ ಕಡತಕ್ಕೆ ಸೇರಿಸಿದರು. ಅಂದರೆ ಸುಮ್ಮನಿರುವವರೆಲ್ಲ ಸ್ವಾರ್ಥಿಗಳೇನಲ್ಲ. ತನ್ನಲ್ಲಿರುವುದು ಯಾರಿಗಾದರೂ ಬೇಕಾಗಿದೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ನಮ್ಮ ಕಚೇರಿಗಳಲ್ಲಿ, ಸಂಘಗಳಲ್ಲಿ, ಶಿಕ್ಷಕರ ಗುಂಪುಗಳಲ್ಲಿ 'ಯಾರೂ ಏನೂ ಹಾಕಲ್ಲ' ಎಂದು ಬೇಸರಪಡುವವರು ಈ ಒಂದು ಫಲಿತಾಂಶವನ್ನು ಗಮನಿಸಬೇಕು. 'ಏನಾದರೂ ಹಂಚಿಕೊಳ್ಳಿ' ಎಂಬ ಕರೆಗೆ ಓಗೊಡುವವರು ಕಡಿಮೆ. 'ಏಳನೇ ತರಗತಿಗೆ ಭಿನ್ನರಾಶಿ ಹೇಳುವಾಗ ನೀವು ಏನನ್ನು ತೋರಿಸುತ್ತೀರಿ?' ಎಂದು ಕೇಳಿದರೆ ಹೇಳುವವರಿದ್ದಾರೆ.

ಮುಖಾಮುಖಿ ಕೂತ ಗುಂಪಿಗೂ ತನ್ನದೇ ತೊಡಕುಗಳಿವೆ. 1985ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್, ನಾಲ್ಕು ನಾಲ್ಕು ವಿದ್ಯಾರ್ಥಿಗಳ ಗುಂಪು ಮಾಡಿ, ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಮೂವರಲ್ಲಿ ಒಬ್ಬರನ್ನು ಆರಿಸಲು ಹೇಳಿದರು. ಅತ್ಯುತ್ತಮ ಅಭ್ಯರ್ಥಿಯ ಒಳ್ಳೆಯ ಗುಣಗಳನ್ನು ನಾಲ್ವರಲ್ಲಿ ಬಿಡಿಬಿಡಿಯಾಗಿ ಹಂಚಿ, ಅವನ ಕುಂದುಗಳನ್ನು ಮಾತ್ರ ನಾಲ್ವರ ಹಾಳೆಯಲ್ಲೂ ಬರೆದಿದ್ದರು. ನಾಲ್ವರೂ ಬಾಯಿಬಿಟ್ಟು ತಮ್ಮ ತಮ್ಮ ಹಾಳೆಯಲ್ಲಿದ್ದದ್ದನ್ನು ಹೇಳಿದ್ದರೆ ಸತ್ಯ ಹೊರಬೀಳುತ್ತಿತ್ತು. ಹೆಚ್ಚಿನ ಗುಂಪುಗಳು ಹಾಗೆ ಮಾಡಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನೇ ಮತ್ತೆ ಮತ್ತೆ ಮಾತಾಡಿ, ತಪ್ಪು ಅಭ್ಯರ್ಥಿಯನ್ನು ಆರಿಸಿ ಎದ್ದವು. ನೆನಪಿನ ವಿಷಯದಲ್ಲೂ ಹೀಗೇ: ಮೂವರು ಕೂಡಿ ಕೂತು ನೆನಪಿಸಿಕೊಂಡದ್ದು, ಬೇರೆ ಮೂವರು ಒಬ್ಬೊಬ್ಬರೇ ಕೂತು ನೆನಪಿಸಿಕೊಂಡದ್ದನ್ನು ಆಮೇಲೆ ಕೂಡಿಸಿದ್ದಕ್ಕಿಂತ ಕಡಿಮೆ ಎಂದು 1997ರಿಂದ ಈಚೆಗೆ ಹಲವು ಪ್ರಯೋಗಗಳು ತೋರಿಸಿವೆ. ಒಬ್ಬರ ಮಾತು ಇನ್ನೊಬ್ಬರ ನೆನಪಿನ ಎಳೆಯನ್ನು ಕಡಿಯುತ್ತದೆ.

ಹಾಗಾದರೆ ಗುಂಪು ಮಾಡುವುದೇಕೆ? ಒಬ್ಬೊಬ್ಬರೇ ಓದಿಕೊಂಡರಾಯಿತಲ್ಲ ಎಂದು ಕೇಳಬಹುದು. ಅದಕ್ಕೆ ನನಗೆ ತಿಳಿದಂತೆ ಅತ್ಯಂತ ಸ್ಪಷ್ಟವಾದ ಉತ್ತರ ಬಂದದ್ದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನದ ತರಗತಿಯಿಂದ.

ಅಲ್ಲಿ ಸುಮಾರು 350 ವಿದ್ಯಾರ್ಥಿಗಳು. ಪ್ರತಿಯೊಬ್ಬರ ಕೈಯಲ್ಲೂ ಕ್ಲಿಕರ್ ಎಂಬ ಪುಟ್ಟ ಸಾಧನ. ಉಪನ್ಯಾಸಕರು ಪ್ರಶ್ನೆ ಹಾಕುತ್ತಾರೆ, ವಿದ್ಯಾರ್ಥಿಗಳು ಯಾರನ್ನೂ ಕೇಳದೆ ಗುಂಡಿ ಒತ್ತಿ ಉತ್ತರ ಕೊಡುತ್ತಾರೆ. ಸರಿ ಉತ್ತರ ಯಾವುದೆಂದು ಹೇಳದೆ, 'ಪಕ್ಕದವರೊಡನೆ ಮಾತಾಡಿ' ಎನ್ನುತ್ತಾರೆ. ಎರಡು ಮೂರು ನಿಮಿಷ ಗಲಾಟೆ. ಮತ್ತೆ ಅದೇ ಪ್ರಶ್ನೆಗೆ ಉತ್ತರ. ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಝೂರ್ 1991ರ ಸುಮಾರಿಗೆ ಬಳಕೆಗೆ ತಂದ ಪದ್ಧತಿ ಇದು. ಎರಡನೇ ಸಲ ಸರಿ ಉತ್ತರ ಹೆಚ್ಚುವುದು ಎಲ್ಲರಿಗೂ ಕಂಡಿತ್ತು. ಆದರೆ ಅನುಮಾನವೂ ಇತ್ತು: ಪಕ್ಕದ ಜಾಣ ಹೇಳಿದ್ದನ್ನು ಇವರು ಒತ್ತಿದರೇ, ಇಲ್ಲವೇ ಅರ್ಥ ಮಾಡಿಕೊಂಡರೇ? ನಮ್ಮ ವಾಟ್ಸ್‌ಆ್ಯಪ್ ಫೋಟೊದ ಬಗ್ಗೆ ನಾವು ಕೇಳಿದ ಪ್ರಶ್ನೆಯೇ.

ಕೊಲರಾಡೊದ ಮಿಶೆಲ್ ಸ್ಮಿತ್ ಮತ್ತು ಸಹೋದ್ಯೋಗಿಗಳು ಇದಕ್ಕೊಂದು ದಾರಿ ಹುಡುಕಿದರು. ಚರ್ಚೆಯ ನಂತರ, ಅದೇ ತತ್ತ್ವವನ್ನು ಬೇರೆ ವೇಷದಲ್ಲಿ ಕೇಳುವ ಇನ್ನೊಂದು ಪ್ರಶ್ನೆ. ಅದಕ್ಕೆ ಮಾತಿಲ್ಲದೆ ಒಬ್ಬರೇ ಉತ್ತರಿಸಬೇಕು. ಫಲಿತಾಂಶವನ್ನು 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ ಸಲ ಸರಾಸರಿ ಶೇ. 52 ಸರಿ ಉತ್ತರ, ಚರ್ಚೆಯ ನಂತರ ಶೇ. 68, ಹೊಸ ಪ್ರಶ್ನೆಗೆ ಶೇ. 73. ನಕಲು ಮಾಡಿದ್ದರೆ ಆ ಮೂರನೆಯ ಸಂಖ್ಯೆ ಕುಸಿಯಬೇಕಿತ್ತು. ಇನ್ನೂ ಅಚ್ಚರಿಯ ಸಂಗತಿ ಎಂದರೆ, ಸರಿ ಉತ್ತರ ಯಾರೊಬ್ಬರಿಗೂ ಗೊತ್ತಿಲ್ಲದ ಗುಂಪುಗಳಲ್ಲೂ ಈ ಏರಿಕೆ ಕಂಡಿತು. ಗೊತ್ತಿಲ್ಲದ ಇಬ್ಬರು ಮೂವರು ತಮ್ಮ ತಮ್ಮ ಊಹೆಯನ್ನು ಬಾಯಲ್ಲಿ ಹೇಳಿ, 'ಹಾಗಾದರೆ ಇದು ಹೇಗಾಯಿತು?' ಎಂದು ಒಬ್ಬರನ್ನೊಬ್ಬರು ಕೆದಕಿ, ಯಾರಿಗೂ ಇಲ್ಲದಿದ್ದ ತಿಳಿವಳಿಕೆಯನ್ನು ಅಲ್ಲೇ ಕೂತು ಕಟ್ಟಿಕೊಂಡರು. ಗುಂಪಿನಲ್ಲಿ ಒಬ್ಬ ಜಾಣನಿದ್ದರೆ ಉಳಿದವರು ಉದ್ಧಾರವಾಗುತ್ತಾರೆ ಎಂದು ನಂಬಿರುವ ನಮಗೆಲ್ಲ ಈ ಫಲಿತಾಂಶ ಹೊಸ ದಾರಿ ತೋರಿಸುತ್ತದೆ.

ಹಾಗೆ ಮಾತಾಡಿದ್ದು ಗಾಳಿಯಲ್ಲಿ ಕರಗಿಹೋಗದಂತೆ ಹಿಡಿದಿಡಬಹುದೇ? ಇದಕ್ಕಾಗಿ ದುಡಿದವರು ಕೆನಡಾದ ಟೊರಾಂಟೊದ ಮಾರ್ಲಿನ್ ಸ್ಕಾರ್ಡಮೇಲಿಯಾ ಮತ್ತು ಕಾರ್ಲ್ ಬೆರೈಟರ್. ಇದಕ್ಕೂ ಮೊದಲು ಇಬ್ಬರೂ ಕೂಡಿ ಅಧ್ಯಯನ ಮಾಡಿದ್ದು ಮಕ್ಕಳ ಬರವಣಿಗೆಯನ್ನು. ಬರೆಯಲು ಹೇಳಿದರೆ ಹೆಚ್ಚಿನ ಮಕ್ಕಳು ತಲೆಯಲ್ಲಿ ಇದ್ದದ್ದನ್ನು ಬಂದ ಕ್ರಮದಲ್ಲೇ ಸುರಿದು ಮುಗಿಸುತ್ತಾರೆ. ಪಳಗಿದ ಲೇಖಕ ಬರೆಯುತ್ತ ಬರೆಯುತ್ತ ತನ್ನ ವಿಚಾರವನ್ನೇ ಬದಲಿಸಿಕೊಳ್ಳುತ್ತಾನೆ. ಶಾಲೆಯೆಂಬುದು ಮಕ್ಕಳನ್ನು ಮೊದಲನೆಯ ಬಗೆಗೇ ಕಟ್ಟಿಹಾಕುತ್ತದೆ ಎಂಬುದು ಅವರ ಚಿಂತೆಯಾಗಿತ್ತು. ವಿಜ್ಞಾನಿಗಳು ಒಬ್ಬರ ಊಹೆಯನ್ನು ಇನ್ನೊಬ್ಬರು ತಿದ್ದುತ್ತ ಮುಂದೆ ಹೋಗುವಂತೆ ಪ್ರಾಥಮಿಕ ಶಾಲೆಯ ಮಕ್ಕಳೂ ಹೋಗಬಲ್ಲರು ಎಂದು ಇವರು ನಂಬಿದರು. ಇಂಟರ್‌ನೆಟ್ ಮನೆಮನೆಗೆ ಬರುವ ಎಷ್ಟೋ ಮೊದಲು, 1980ರ ದಶಕದ ನಡುವಿನಲ್ಲೇ, ತರಗತಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಮಕ್ಕಳೆಲ್ಲ ಬರೆಯುವ, ಎಲ್ಲರೂ ಓದುವ ವ್ಯವಸ್ಥೆಯನ್ನು ರೂಪಿಸಿದರು. 1990ರ ದಶಕದಲ್ಲಿ ಅದು 'ನಾಲೆಜ್ ಫೋರಂ' ಎಂಬ ರೂಪ ಪಡೆಯಿತು.

ಅದರ ಪರದೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಗು ಟಿಪ್ಪಣಿ ಬರೆಯಲು ಶುರು ಮಾಡಿದಾಗ ಪಕ್ಕದಲ್ಲಿ ಕೆಲವು ಆರಂಭದ ಮಾತುಗಳು ಸಿದ್ಧವಾಗಿರುತ್ತವೆ: 'ನನ್ನ ಊಹೆ ಏನೆಂದರೆ', 'ನನಗೆ ತಿಳಿಯಬೇಕಾದದ್ದು', 'ಹೊಸದಾಗಿ ಸಿಕ್ಕ ಮಾಹಿತಿ', 'ಈ ಊಹೆಯಿಂದ ವಿವರಿಸಲಾಗದ್ದು', 'ಇದಕ್ಕಿಂತ ಒಳ್ಳೆಯ ಊಹೆ', 'ನಮ್ಮೆಲ್ಲರ ತಿಳಿವಳಿಕೆ ಕೂಡಿಸಿದರೆ'. ಮಗು ಇವುಗಳಲ್ಲಿ ಒಂದನ್ನು ಆರಿಸಿ ಮುಂದುವರಿಸುತ್ತದೆ. ಇನ್ನೊಂದು ಮಗು ಆ ಟಿಪ್ಪಣಿಯ ಮೇಲೆ ತನ್ನದನ್ನು ಕಟ್ಟುತ್ತದೆ. ಎರಡರ ನಡುವೆ ಪರದೆಯಲ್ಲಿ ಗೆರೆ ಮೂಡುತ್ತದೆ. ಇಲ್ಲಿ 'ಸರಿ ಉತ್ತರ' ಎಂಬ ಗುಂಡಿ ಇಲ್ಲ. 'ನನ್ನ ಊಹೆ' ಎಂದು ಶುರುಮಾಡಿದ ಮಗುವಿಗೆ ತಪ್ಪಾಗುವ ಭಯವೂ ಕಡಿಮೆ. ಊಹೆ ಎಂದ ಮೇಲೆ ಅದನ್ನು ತಿದ್ದಬಹುದು ಎಂದು ಹೇಳಿಯೇ ಆಯಿತಲ್ಲ. ತಂತ್ರಜ್ಞಾನ ಇಲ್ಲಿ ಮಾಡಿದ ದೊಡ್ಡ ಉಪಕಾರ ಇದೇ ಎಂದು ನನ್ನ ಭಾವನೆ. ಅರೆಬೆಂದ ವಿಚಾರಕ್ಕೂ ಎಲ್ಲರ ಕಣ್ಣಿಗೆ ಬೀಳುವ ಜಾಗ ಕೊಟ್ಟಿತು, ಅದನ್ನು ತಿಂಗಳುಗಟ್ಟಲೆ ಅಲ್ಲೇ ಇಟ್ಟುಕೊಂಡಿತು.

ಆದರೆ ಸಾಫ್ಟ್‌ವೇರ್ ತಂದು ಕೂರಿಸಿದರೆ ಎಲ್ಲ ಆಗುವುದಿಲ್ಲ. ಅದಕ್ಕೆ ಸಾಕ್ಷಿ ಟೊರಾಂಟೊದ ಒಂದು ಪ್ರಾಯೋಗಿಕ ಶಾಲೆಯ ನಾಲ್ಕನೇ ತರಗತಿ. ಜಿಯಾನ್‌ವೇ ಜಾಂಗ್ ಎಂಬ ಸಂಶೋಧಕ, ಸ್ಕಾರ್ಡಮೇಲಿಯಾ ಮತ್ತು ಜೊತೆಗಾರರು ಆ ತರಗತಿಯನ್ನು ಮೂರು ವರ್ಷ ಹಿಂಬಾಲಿಸಿದರು. ಪಾಠ ಬೆಳಕಿನದು. ಶಿಕ್ಷಕರು ಅವರೇ, ಸಾಫ್ಟ್‌ವೇರ್ ಅದೇ, ಪ್ರತಿ ವರ್ಷ ಹೊಸ ಮಕ್ಕಳು, ಒಂಬತ್ತು ಹತ್ತು ವರ್ಷದವರು. ಬದಲಾದದ್ದು ಗುಂಪು ಮಾಡುವ ಬಗೆ ಮಾತ್ರ. ಮೊದಲ ವರ್ಷ ಶಿಕ್ಷಕರು ಮಕ್ಕಳನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಉಪವಿಷಯ ಹಂಚಿದರು, ನಮ್ಮ ಪ್ರಾಜೆಕ್ಟ್ ವರ್ಕ್‌ನಲ್ಲಿ ಮಾಡುವ ಹಾಗೆ. ಒಂದು ಗುಂಪು ಏನು ಕಂಡುಕೊಂಡಿತೆಂದು ಇನ್ನೊಂದಕ್ಕೆ ಅಷ್ಟಾಗಿ ತಿಳಿಯಲಿಲ್ಲ. ಎರಡನೆಯ ವರ್ಷ ಗುಂಪುಗಳನ್ನು ಉಳಿಸಿಕೊಂಡೇ ಅವುಗಳ ನಡುವೆ ಓಡಾಟಕ್ಕೆ ಅವಕಾಶ ಮಾಡಿದರು. ಮೂರನೆಯ ವರ್ಷ ಶಿಕ್ಷಕರು ಖಾಯಂ ಗುಂಪುಗಳನ್ನೇ ಕೈಬಿಟ್ಟರು. ಇಡೀ ತರಗತಿಗೆ ಬೆಳಕನ್ನು ಅರ್ಥಮಾಡಿಕೊಳ್ಳುವ ಒಂದೇ ಗುರಿ. ಯಾವ ಪ್ರಶ್ನೆ ಹುಟ್ಟುತ್ತದೋ ಅದರ ಸುತ್ತ ಆಸಕ್ತರು ಸೇರುತ್ತಿದ್ದರು, ಕೆಲಸ ಮುಗಿದ ಮೇಲೆ ಚದುರಿ ಬೇರೆಯವರೊಡನೆ ಸೇರುತ್ತಿದ್ದರು.

ಯಾರ ಟಿಪ್ಪಣಿಯನ್ನು ಯಾರು ಓದಿದರು, ಯಾರ ವಿಚಾರದ ಮೇಲೆ ಯಾರು ಕಟ್ಟಿದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಅದನ್ನು ಅಳೆದು ನೋಡಿದಾಗ, ವಿಚಾರಗಳು ತರಗತಿಯ ತುಂಬ ಹರಡಿದ್ದು, ತಿಳಿವಳಿಕೆ ಹೆಚ್ಚು ಆಳಕ್ಕೆ ಹೋದದ್ದು ಮೂರನೆಯ ವರ್ಷದಲ್ಲಿ ಎಂದು 2009ರಲ್ಲಿ ಅವರು ಬರೆದರು. ಶಿಕ್ಷಕರೇ ಗುಂಪು ಮಾಡಿ ವಿಷಯ ಹಂಚಿದ ವರ್ಷಕ್ಕಿಂತ, ಒಟ್ಟು ಹೊಣೆಯನ್ನು ಮಕ್ಕಳಿಗೇ ಬಿಟ್ಟ ವರ್ಷ ಮಕ್ಕಳು ಹೆಚ್ಚು ಕಲಿತರು. ಆದರೂ ನಾವು ಒಂದನ್ನು ಮರೆಯಬಾರದು. ಆ ಶಿಕ್ಷಕರು ಮೂರನೆಯ ವರ್ಷಕ್ಕೆ ಬಂದದ್ದು ಮೊದಲ ಎರಡು ವರ್ಷಗಳನ್ನು ದಾಟಿಯೇ. ಇಂಥ ಬದಲಾವಣೆಯನ್ನು ಒಂದು ದಿನದ ತರಬೇತಿಯಲ್ಲಿ ಕೊಟ್ಟು ಮುಗಿಸಲು ಆಗುವುದಿಲ್ಲ. ಶಿಕ್ಷಕರಿಗೆ ಅಷ್ಟು ಕಾಲಾವಕಾಶ, ಅಷ್ಟು ನಂಬಿಕೆ ಕೊಡಬೇಕು.

ಕೂಡಿ ಬರೆಯುವ ಇನ್ನೊಂದು ದೊಡ್ಡ ಜಾಗ ವಿಕಿಪೀಡಿಯ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ, ತುಳು ವಿಕಿಪೀಡಿಯ 2016ರಲ್ಲಿ. ಲೇಖನ ಓದುವವರು ಬಹಳ, ಅದರ ಪಕ್ಕದ 'ಚರ್ಚೆ' ಪುಟವನ್ನೂ 'ಇತಿಹಾಸ'ವನ್ನೂ ತೆರೆದು ನೋಡುವವರು ಕಡಿಮೆ. ಆ ಎರಡು ಪುಟಗಳನ್ನು ನೀವು ಒಮ್ಮೆಯಾದರೂ ತೆರೆಯಬೇಕು. ಒಬ್ಬರು ಸೇರಿಸಿದ ವಾಕ್ಯವನ್ನು ಇನ್ನೊಬ್ಬರು ತೆಗೆದದ್ದು, ಮೂರನೆಯವರು ಆಧಾರ ಕೇಳಿದ್ದು, ಎಲ್ಲವೂ ತಾರೀಖು ಸಮೇತ ಅಲ್ಲಿರುತ್ತದೆ. ಟ್ಯೂಬಿಂಗನ್ನಿನ ಕ್ರೆಸ್ ಮತ್ತು ಯೋಆಖಿಮ್ ಕಿಮ್ಮರ್ಲೆ 2008ರಲ್ಲಿ ಇದನ್ನೇ ಹಿಡಿದು ಒಂದು ಸಿದ್ಧಾಂತ ಮಂಡಿಸಿದರು. ವಿಕಿಯ ಲೇಖನ ಬೆಳೆಯುತ್ತದೆ, ಜೊತೆಗೆ ಬರೆಯುವವರ ತಲೆಯೂ ಬೆಳೆಯುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತದೆ. ಹಾಗೆ ಬೆಳೆಯಲು ಮುಖ್ಯ ಕಾರಣ ಇವೆರಡರ ನಡುವಿನ ಅಂತರ. ನನಗೆ ಗೊತ್ತಿರುವುದಕ್ಕೂ ಲೇಖನದಲ್ಲಿ ಇರುವುದಕ್ಕೂ ಹೊಂದಿಕೆಯಾಗದಿದ್ದಾಗ ನಾನು ಬರೆಯಲು ಕೂರುತ್ತೇನೆ.

ಆ ಅಂತರ ಎಷ್ಟಿರಬೇಕು? ಇದನ್ನು ತಿಳಿಯಲು ಅವರು ಯೋಹಾನೆಸ್ ಮೊಸ್ಕಲಿಯುಕ್ ಎಂಬ ಸಂಶೋಧಕರೊಡನೆ ಸೇರಿ, ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಕಾರಣವೇನು ಎಂಬ ವಿಕಿ ಲೇಖನವನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಅವರಿಗೆ ಕೊಟ್ಟ ಮಾಹಿತಿಗೂ ಲೇಖನಕ್ಕೂ ಹೊಂದಿಕೆ ಒಮ್ಮೆ ಪೂರ್ತಿ, ಒಮ್ಮೆ ಅರ್ಧಂಬರ್ಧ, ಒಮ್ಮೆ ಇಲ್ಲವೇ ಇಲ್ಲ. ಹೆಚ್ಚು ಕಲಿತವರು ನಡುವಿನವರು. ಎಲ್ಲ ಗೊತ್ತಿರುವ ಕಡೆ ಮಾಡಲು ಕೆಲಸವಿಲ್ಲ. ಏನೂ ಹೊಂದದ ಕಡೆ ಜನ ತಮ್ಮದನ್ನು ಪಕ್ಕದಲ್ಲಿ ಸೇರಿಸಿ ಸುಮ್ಮನಾಗುತ್ತಾರೆ. ಸ್ವಲ್ಪ ಹೊಂದಿ ಸ್ವಲ್ಪ ಹೊಂದದಿದ್ದಾಗ ಎರಡನ್ನೂ ಕೂಡಿಸುವ ಹೊಸ ವಿವರಣೆ ಹುಡುಕಬೇಕಾಗುತ್ತದೆ. ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ವಿವರಿಸುವಾಗ ಜಿನೀವಾದ ಮನೋವಿಜ್ಞಾನಿ ಝಾನ್ ಪಿಯಾಝೆ ಹೇಳಿದ್ದ ಮಾತು, ಗೊತ್ತಿದ್ದದ್ದಕ್ಕೂ ಹೊಸದಕ್ಕೂ ಹೊಂದಿಕೆ ತಪ್ಪಿದಾಗ ತಿಳಿವಳಿಕೆ ಬೆಳೆಯುತ್ತದೆ ಎಂಬುದು, ವಿಕಿಯ ಪುಟದ ಮೇಲೂ ನಿಜವಾಯಿತು.

ಇನ್ನು ಯಾವ ಗುಂಪು ಚೆನ್ನಾಗಿ ಯೋಚಿಸುತ್ತದೆ ಎಂಬ ಪ್ರಶ್ನೆ. ಅಮೆರಿಕದ ಸಂಶೋಧಕಿ ಅನಿತಾ ವುಲಿ ಮತ್ತು ಸಹೋದ್ಯೋಗಿಗಳು 2010ರಲ್ಲಿ 699 ಮಂದಿಯನ್ನು ಎರಡರಿಂದ ಐದು ಜನರ ಗುಂಪು ಮಾಡಿ ಬಗೆಬಗೆಯ ಕೆಲಸ ಕೊಟ್ಟು ನೋಡಿದರು. ಗುಂಪಿನಲ್ಲಿ ಎಷ್ಟು ಬುದ್ಧಿವಂತರಿದ್ದಾರೆ ಎಂಬುದಕ್ಕಿಂತ, ಇನ್ನೊಬ್ಬರ ಮನಸ್ಸನ್ನು ಎಷ್ಟು ಅರಿಯುತ್ತಾರೆ, ಮಾತಿನ ಸರದಿ ಎಲ್ಲರಿಗೂ ಸಮನಾಗಿ ಸಿಗುತ್ತದೆಯೇ ಎಂಬುದು ಹೆಚ್ಚು ಮುಖ್ಯವಾಗಿ ಕಂಡಿತು. 2014ರಲ್ಲಿ, ಮುಖ ನೋಡದೆ ಬರೀ ಟೈಪ್ ಮಾಡಿ ಮಾತಾಡುವ ಗುಂಪುಗಳಲ್ಲೂ ಇನ್ನೊಬ್ಬರ ಮನಸ್ಸರಿಯುವ ಗುಣ ಅಷ್ಟೇ ಕೆಲಸ ಮಾಡಿತು ಎಂದು ಅದೇ ಬಳಗದವರು ತೋರಿಸಿದರು. ಗುಂಪಿನ ಬುದ್ಧಿಯನ್ನು ಹೀಗೆ ಅಳೆಯುವ ಬಗ್ಗೆ ಆಮೇಲೆ ವಾದವಿವಾದ ನಡೆದಿದೆ, ನಿಜ. ಆದರೂ ಒಬ್ಬರೇ ಮಾತಾಡುವ ಗುಂಪಿನಲ್ಲಿ ಉಳಿದವರ ತಲೆ ಮಲಗುತ್ತದೆ ಎಂಬುದನ್ನು ಪಾಠ ಮಾಡಿದ ಯಾರೂ ಅಲ್ಲಗಳೆಯಲಾರರು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಹೆಸರಾದದ್ದು 1999ರಲ್ಲಿ ಶಿಕ್ಷಣ ಸಂಶೋಧಕ ಸುಗತ ಮಿತ್ರ ಅವರು ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೆ ಕಂಪ್ಯೂಟರ್ ಕೂರಿಸಿ, ಕೊಳೆಗೇರಿಯ ಮಕ್ಕಳಿಗೆ ಬಿಟ್ಟುಕೊಟ್ಟ ಪ್ರಯೋಗ. ಮಕ್ಕಳು ತಾವೇ ಕೂಡಿ ಅದನ್ನು ಬಳಸಲು ಕಲಿತರು. ಇಂಥ ಕಂಪ್ಯೂಟರುಗಳು ಕೆಲವು ಕಡೆ ಬಹುಕಾಲ ಉಳಿಯಲಿಲ್ಲ ಎಂಬ ಗಂಭೀರ ಟೀಕೆಯೂ ಬಂದಿದೆ. ನನಗೆ ಹೆಚ್ಚು ಕಲಿಸಿದ್ದು ಅವರ ತಂಡ ದಕ್ಷಿಣ ಭಾರತದ ಕಲಿಕುಪ್ಪಂ ಎಂಬ ಹಳ್ಳಿಯಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನ. ತಮಿಳು ಮಾತಾಡುವ ಮಕ್ಕಳ ಮುಂದೆ ಇಂಗ್ಲಿಷಿನ ಜೀವವಿಜ್ಞಾನದ ಪಾಠ. ತಮ್ಮ ಪಾಡಿಗೆ ಅವರು ಸ್ವಲ್ಪ ದೂರ ಬಂದು ನಿಂತರು. ಆಗ ಊರಿನ ಒಬ್ಬ ಯುವತಿಯನ್ನು ಜೊತೆಗೆ ಕೂರಿಸಿದರು. ಆಕೆಗೆ ವಿಷಯ ಗೊತ್ತಿರಲಿಲ್ಲ. ಮಕ್ಕಳ ಬೆನ್ನ ಹಿಂದೆ ನಿಂತು, 'ಅದು ಹೇಗೆ ಮಾಡಿದಿರಿ, ನನಗೂ ಹೇಳಿ' ಎಂಬಂತೆ ಮೆಚ್ಚಿ ಕೇಳುವುದಷ್ಟೇ ಆಕೆಯ ಕೆಲಸ. ಮಕ್ಕಳ ಅಂಕಗಳು ಮತ್ತೆ ಏರಿದವು. ವಿವರಿಸಿ ಹೇಳಲು ಎದುರಿಗೊಂದು ಕಿವಿ ಸಿಕ್ಕಿದ್ದೇ ಅದಕ್ಕೆ ಕಾರಣ ಎಂದು ನನಗನ್ನಿಸುತ್ತದೆ.

ಕೃತಕ ಬುದ್ಧಿಮತ್ತೆಯ ಆ್ಯಪುಗಳು ಈಗ ಮಕ್ಕಳ ಕೈಯಲ್ಲಿವೆ. ಪ್ರಶ್ನೆ ಟೈಪ್ ಮಾಡಿದರೆ ಕ್ಷಣದಲ್ಲಿ ನೀಟಾದ ಉತ್ತರ. ಇದನ್ನು ತಡೆಯಿರಿ ಎಂದು ನಾನು ಹೇಳುವುದಿಲ್ಲ, ತಡೆಯಲು ಆಗುವುದೂ ಇಲ್ಲ. ಆದರೆ ಉತ್ತರ ಅಷ್ಟು ಬೇಗ ಬಂದಾಗ ನಡುವೆ ಮಾಯವಾಗುವುದು 'ನನ್ನ ಊಹೆ ಏನೆಂದರೆ' ಎಂಬ ಆ ಒಂದು ಹಂತ. ಟೊರಾಂಟೊದ ಮಕ್ಕಳು, ಕೊಲರಾಡೊದ ವಿದ್ಯಾರ್ಥಿಗಳು, ವಿಕಿ ಬರೆದವರು ಎಲ್ಲರೂ ಕಲಿತದ್ದು ಆ ಹಂತದಿಂದಲೇ.

ಅದಕ್ಕಾಗಿ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. ನಮ್ಮ ಶಾಲೆಗಳ ಕೆಳಗಿನ ನಲಿ ಕಲಿ ತರಗತಿಗಳಲ್ಲಿ ಸಹಪಾಠಿಗಳ ಸಹಾಯದಿಂದ ಕಲಿಯುವ 'ತಟ್ಟೆ', ಅಂದರೆ ಗುಂಪು, ಇದೆ. ಮೇಲಿನ ತರಗತಿಗಳಿಗೆ ಹೋದಂತೆ ಆ ಅಭ್ಯಾಸ ಬಿಟ್ಟುಹೋಗುತ್ತದೆ. ಅದನ್ನು ಮೊಬೈಲಿನ ಮೂಲಕ ಮುಂದುವರಿಸಬಹುದು. 'ಮಧ್ಯಾಹ್ನ ನೆರಳು ಯಾಕೆ ಚಿಕ್ಕದಾಗುತ್ತದೆ?' ಎಂಬಂಥ ಪ್ರಶ್ನೆಯನ್ನು ಸಂಜೆ ಗುಂಪಿಗೆ ಹಾಕಿ. ಪುಸ್ತಕ, ಗೂಗಲ್, ಎಐ ಯಾವುದನ್ನೂ ನೋಡುವ ಮೊದಲು ಪ್ರತಿ ಮಗುವೂ ತನ್ನ ಊಹೆಯನ್ನು ಮನೆಮಾತಿನಲ್ಲೇ ವಾಯ್ಸ್ ಮೆಸೇಜ್ ಮಾಡಲಿ. ಇನ್ನೊಬ್ಬರ ಊಹೆ ಎಲ್ಲಿ ಸಾಲದು ಎಂದು ಎರಡನೆಯ ದಿನ ಒಬ್ಬೊಬ್ಬರು ಒಂದೊಂದು ಮೆಸೇಜಿಗೆ ಉತ್ತರ ಕೊಡಲಿ. ಮೂರನೆಯ ದಿನ ಹುಡುಕಿ ನೋಡಲಿ. ಫೋನಿಲ್ಲದ ಮಕ್ಕಳ ಊಹೆಗಳನ್ನು ಬೆಳಿಗ್ಗೆ ಕರಿಹಲಗೆಯ ಮೇಲೆ ಮೊದಲು ಬರೆಯಿರಿ, ಅವರ ಸರದಿ ತಪ್ಪಬಾರದು.

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ, ಬಿ.ಎಡ್. ಕಾಲೇಜುಗಳಲ್ಲಿ ಇರುವ ಕೇಳುಗರಿಗೂ ಇದರಲ್ಲಿ ಕೆಲಸವಿದೆ. ಮಕ್ಕಳ ಹೆಸರುಗಳನ್ನು ತೆಗೆದು, ಪೋಷಕರ ಒಪ್ಪಿಗೆ ಪಡೆದು, ಆ ಮೂರು ದಿನಗಳ ಮಾತುಗಳನ್ನು ಬರೆದಿಟ್ಟುಕೊಳ್ಳಿ. ಮೊದಲ ದಿನದ ಊಹೆ ಮೂರನೆಯ ದಿನಕ್ಕೆ ಎಷ್ಟು ಬದಲಾಯಿತು, ಯಾರ ಮಾತಿನಿಂದ ಬದಲಾಯಿತು ಎಂದು ನೋಡಿ. ಯಾದಗಿರಿಯ ಮಗು, ಕುಂದಾಪುರದ ಮಗು, ಚಾಮರಾಜನಗರದ ಮಗು ನೆರಳಿನ ಬಗ್ಗೆ ಏನೆಂದುಕೊಳ್ಳುತ್ತವೆ ಎಂದು ತಿಳಿಯಲು ಯಾವ ದೊಡ್ಡ ಯಂತ್ರವೂ ಬೇಕಿಲ್ಲ. ನಿಮ್ಮ ಹತ್ತಿರದ ಒಂದು ಶಾಲೆಯಿಂದ, ಈ ಸೆಮಿಸ್ಟರಿನಲ್ಲೇ ಶುರು ಮಾಡಬಹುದು.